ಲೆಕ್ಕ ಅಂದ್ರೆ ಆಗಲ್ವಾ? ಹೋಟೆಲ್ ಮತ್ತು ರಿಸೆಪ್ಷನ್ ಕೆಲಸ ಹುಡುಕುವವರಿಗೆ ಮಾರ್ಗದರ್ಶಿ

‘ಜನರ ಜೊತೆ ಮಾತಾಡೋದು ಇಷ್ಟ, ಲೆಕ್ಕ ಮಾತ್ರ ಆಗಲ್ಲ. ರಿಸೆಪ್ಷನ್ ಕೆಲಸಕ್ಕೆ ಸೇರಬಹುದಾ?’ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಬಿಕಾಂ ಅರ್ಧಕ್ಕೆ ಬಿಟ್ಟವರು ಕೇಳಿದ್ದಾರೆ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಕೆಲಸಕ್ಕೆ ಹೊರಟಿರುವ ಅಮ್ಮಂದಿರೂ ಕೇಳಿದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಸೇರಬಹುದು. ಆದರೆ ಹುದ್ದೆಯ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಮೆಜೆಸ್ಟಿಕ್ ಹತ್ತಿರದ ಸಣ್ಣ ಲಾಡ್ಜ್‌ನಲ್ಲಿ ‘ರಿಸೆಪ್ಷನಿಸ್ಟ್’ ಅಂದರೆ ಅರ್ಧ ಕ್ಯಾಷಿಯರ್. ವೈಟ್‌ಫೀಲ್ಡ್‌ನ ಐಟಿ ಕಂಪನಿಯಲ್ಲಿ ಅದೇ ಹೆಸರಿನ ಹುದ್ದೆಯಲ್ಲಿರುವವರು ದಿನವಿಡೀ ದುಡ್ಡು ಮುಟ್ಟುವುದಿಲ್ಲ. ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಇಲ್ಲಿ ಗಲ್ಲಾ ಯಾರ ಕೈಯಲ್ಲಿರುತ್ತದೆ?

ನಮ್ಮ ಕಡೆ ಹೋಟೆಲ್ ಅಂದರೆ ಮೊದಲು ಮಸಾಲೆ ದೋಸೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹೇಳುತ್ತಿರುವುದು ಜನ ಬಂದು ಉಳಿದುಕೊಳ್ಳುವ ಹೋಟೆಲ್, ರೆಸಾರ್ಟ್, ಲಾಡ್ಜ್‌ಗಳ ಬಗ್ಗೆ. ಜೊತೆಗೆ ಕಚೇರಿ, ಆಸ್ಪತ್ರೆಗಳ ರಿಸೆಪ್ಷನ್ ಬಗ್ಗೆಯೂ.

ಹಂತ 1: ನಿಮಗೆ ಯಾವ ಲೆಕ್ಕ ಕಷ್ಟ ಎಂದು ಗುರುತಿಸಿ

‘ಲೆಕ್ಕ ಆಗಲ್ಲ’ ಎನ್ನುವವರೆಲ್ಲ ಒಂದೇ ತರಹ ಇರುವುದಿಲ್ಲ.

ಕೆಲವರಿಗೆ ಲೆಕ್ಕ ಬರುತ್ತದೆ, ಆದರೆ ಬೇಜಾರು. ದಿನಕ್ಕೆ ಅರ್ಧ ಗಂಟೆ ಮಾಡಬಲ್ಲರು, ಎಂಟು ಗಂಟೆ ಆಗುವುದಿಲ್ಲ. ಇಂಥವರು ಫ್ರಂಟ್ ಆಫೀಸಿನ ಬಹುತೇಕ ಕೆಲಸಗಳಿಗೆ ಧೈರ್ಯವಾಗಿ ಅರ್ಜಿ ಹಾಕಬಹುದು. ಫ್ರಂಟ್ ಆಫೀಸ್ ಅಂದರೆ ಅತಿಥಿಗಳನ್ನು ಎದುರುಗೊಳ್ಳುವ ವಿಭಾಗ: ರಿಸೆಪ್ಷನ್, ಫೋನು, ಲಗೇಜು, ಬುಕಿಂಗ್ ಎಲ್ಲ ಇದರೊಳಗೇ ಬರುತ್ತವೆ.

ಇನ್ನು ಕೆಲವರಿಗೆ ಭಯ. ಒಬ್ಬರೇ ಕೂತರೆ ಸರಿಯಾಗಿ ಕೂಡಿಸುತ್ತಾರೆ. ಎದುರಿಗೆ ಯಾರಾದರೂ ಚಿಲ್ಲರೆಗೆ ಕಾಯುತ್ತಾ ನಿಂತರೆ ತಲೆ ಓಡುವುದಿಲ್ಲ. ಇದು ಅಭ್ಯಾಸದಿಂದ ತುಂಬಾ ಕಡಿಮೆಯಾಗುತ್ತದೆ. ಮೊದಲ ಕೆಲಸ ಮಾತ್ರ ಗಲ್ಲಾ ಇಲ್ಲದ ಕಡೆ ಹುಡುಕಿ.

ಮೂರನೆಯವರಿಗೆ ಅಂಕಿಗಳೇ ತಿರುಗಾಮುರುಗಾ ಆಗುತ್ತವೆ. 316 ಎಂದು ಕೇಳಿಸಿಕೊಂಡು 361 ಎಂದು ಬರೆಯುತ್ತಾರೆ. ಚಿಕ್ಕಂದಿನಿಂದಲೂ ಹೀಗೇ ಇದ್ದರೆ ಅದು ಡಿಸ್ಕಾಲ್ಕುಲಿಯಾ ಇರಬಹುದು, ಅಂದರೆ ಅಂಕಿ ಮತ್ತು ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ತೊಂದರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇಂಥ ಕಲಿಕಾ ತೊಂದರೆಗಳೂ ಸೇರಿವೆ. ಇದು ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ. ಆದರೆ ನೀವು ಹುದ್ದೆ ಆರಿಸುವಾಗ ಉಳಿದವರಿಗಿಂತ ಜಾಸ್ತಿ ಎಚ್ಚರ ಇರಬೇಕು. ರಿಸೆಪ್ಷನ್‌ನಲ್ಲಿ ಕೂಡುವ ಕಳೆಯುವ ಕೆಲಸ ಕಡಿಮೆ ಇದ್ದರೂ, ಅಂಕಿ ಓದುವ ಬರೆಯುವ ಕೆಲಸ ತುಂಬಾ ಇರುತ್ತದೆ: ರೂಮ್ ನಂಬರ್, ಮೊಬೈಲ್ ನಂಬರ್, ಪಾಸ್‌ಪೋರ್ಟ್ ನಂಬರ್, ಗಾಡಿ ನಂಬರ್.

ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಹತ್ತು ಮೊಬೈಲ್ ನಂಬರ್‌ಗಳನ್ನು ಮಾಮೂಲಿ ವೇಗದಲ್ಲಿ ಹೇಳಲು ಹೇಳಿ, ಬರೆದುಕೊಳ್ಳಿ, ಆಮೇಲೆ ತಾಳೆ ನೋಡಿ. ಎಲ್ಲ ಸರಿ ಇದ್ದರೆ ನಿಮ್ಮ ತೊಂದರೆ ಲೆಕ್ಕದ್ದು, ಅಂಕಿಯದ್ದಲ್ಲ.

ಹಂತ 2: ಹುದ್ದೆಗಳನ್ನು ಜರಡಿ ಹಿಡಿಯಿರಿ

ಮೊದಲು ಬೇಡದವು. ನೈಟ್ ಆಡಿಟರ್ ಹುದ್ದೆಯ ಹತ್ತಿರ ಹೋಗಬೇಡಿ. ರಾತ್ರಿ ಪಾಳಿಯಲ್ಲಿ ಕೂತು ಆ ದಿನದ ಎಲ್ಲ ರೂಮ್‌ಗಳ, ರೆಸ್ಟೋರೆಂಟಿನ, ಲಾಂಡ್ರಿಯ ಬಿಲ್‌ಗಳನ್ನು ತಾಳೆ ಹಾಕಿ ದಿನದ ಲೆಕ್ಕ ಮುಗಿಸುವ ಕೆಲಸ ಅದು. ಜಾಹೀರಾತಿನಲ್ಲಿ ‘ನೈಟ್ ಶಿಫ್ಟ್ ಫ್ರಂಟ್ ಆಫೀಸ್’ ಎಂದಷ್ಟೇ ಇದ್ದರೂ ಒಳಗೆ ಇದೇ ಇರಬಹುದು, ಕೇಳಿ. ಬ್ಯಾಂಕ್ವೆಟ್ ಸೇಲ್ಸ್ ಕೂಡ ಬೇಡ. ಮದುವೆ, ಸಭೆಗಳಿಗೆ ಹಾಲ್ ಬಾಡಿಗೆ ಕೊಡುವ ಈ ವಿಭಾಗದಲ್ಲಿ ಪ್ಲೇಟಿಗೆ ಎಷ್ಟು, ಎಷ್ಟು ಜನ, ರಿಯಾಯಿತಿ ಎಷ್ಟು, ತಿಂಗಳ ಟಾರ್ಗೆಟ್ ಎಷ್ಟು ಎಂಬುದೇ ಮಾತು. ಸ್ಟೋರ್ಸ್, ಪರ್ಚೇಸ್, ರೆಸ್ಟೋರೆಂಟ್ ಕ್ಯಾಷಿಯರ್ ಬಗ್ಗೆ ಬೇರೆ ಹೇಳಬೇಕಿಲ್ಲ.

ಇನ್ನು ನಿಮಗೆ ಹೊಂದುವ ಹುದ್ದೆಗಳು. ನನ್ನ ಪ್ರಕಾರ ಮೊದಲ ಸ್ಥಾನ ಗೆಸ್ಟ್ ರಿಲೇಷನ್ಸ್ ಎಕ್ಸಿಕ್ಯುಟಿವ್‌ಗೆ. ಹೋಟೆಲ್‌ನವರು ಇದನ್ನು ಜಿಆರ್‌ಇ ಎನ್ನುತ್ತಾರೆ. ಅತಿಥಿಯನ್ನು ಸ್ವಾಗತಿಸುವುದು, ರೂಮಿನವರೆಗೆ ಕರೆದೊಯ್ಯುವುದು, ದೂರು ಕೇಳುವುದು, ಹುಟ್ಟುಹಬ್ಬ ಇದ್ದರೆ ಕೇಕ್ ಏರ್ಪಾಡು ಮಾಡುವುದು ಇವರ ಕೆಲಸ. ಬಿಲ್ಲು ಬೇರೆಯವರು ನೋಡಿಕೊಳ್ಳುತ್ತಾರೆ. ಆದರೆ ಭಾಷೆ ಚೆನ್ನಾಗಿರಬೇಕು, ಸಿಟ್ಟಾದವರ ಮುಂದೆ ತಾಳ್ಮೆ ಇರಬೇಕು.

ಎರಡನೆಯದು ಕನ್ಸಿಯರ್ಜ್. ಊರು ತೋರಿಸುವ, ಟ್ಯಾಕ್ಸಿ ಮಾಡಿಕೊಡುವ, ‘ಇಲ್ಲಿ ಒಳ್ಳೆ ಮೈಸೂರು ಸಿಲ್ಕ್ ಎಲ್ಲಿ ಸಿಗುತ್ತೆ’ ಎಂದರೆ ದಾರಿ ಹೇಳುವ ಕೌಂಟರ್. ಊರಿನ ಗಲ್ಲಿಗಲ್ಲಿ ಗೊತ್ತಿರುವವರಿಗೆ ಹೇಳಿ ಮಾಡಿಸಿದ್ದು. ಬೆಲ್ ಡೆಸ್ಕ್, ಅಂದರೆ ಲಗೇಜು ಸಾಗಿಸುವ ವಿಭಾಗದಿಂದ ಇಲ್ಲಿಗೆ ಮೇಲೆ ಬಂದವರೂ ಇದ್ದಾರೆ. ರೆಸ್ಟೋರೆಂಟ್ ಬಾಗಿಲಲ್ಲಿ ನಿಂತು ಟೇಬಲ್ ತೋರಿಸುವ ಹೋಸ್ಟೆಸ್, ಸ್ಪಾ ರಿಸೆಪ್ಷನ್, ಹೌಸ್‌ಕೀಪಿಂಗ್ ಡೆಸ್ಕ್ ಕೂಡ ನೋಡಬಹುದು. ಸ್ಪಾದಲ್ಲಿ ಬಿಲ್ಲು ಯಾರು ಮಾಡುತ್ತಾರೆ ಎಂದು ಮಾತ್ರ ಕೇಳಿಕೊಳ್ಳಿ.

ಟೆಲಿಫೋನ್ ಆಪರೇಟರ್ ಕೆಲಸದಲ್ಲಿ ಕೂಡುವ ಲೆಕ್ಕ ಇಲ್ಲ. ಆದರೆ 412ನೇ ರೂಮಿನವರನ್ನು ಬೆಳಗ್ಗೆ 4:30ಕ್ಕೆ ಎಬ್ಬಿಸಬೇಕು ಎಂಬಂಥ ಕೆಲಸ ಸಾಲಾಗಿ ಬರುತ್ತದೆ. ಲೆಕ್ಕ ಬೇಜಾರು ಎನ್ನುವವರಿಗೆ ಸರಿ. ಅಂಕಿ ತಿರುಗುವವರಿಗೆ ಬೇಡ. ಎಬ್ಬಿಸದೆ ವಿಮಾನ ತಪ್ಪಿದವರ ಸಿಟ್ಟು ತಡೆಯಲಾಗದು.

ಇವೆಲ್ಲದರ ಮಧ್ಯೆ ಇರುವುದು ಮಾಮೂಲಿ ರಿಸೆಪ್ಷನ್, ಈಗಿನ ಭಾಷೆಯಲ್ಲಿ ಗೆಸ್ಟ್ ಸರ್ವಿಸ್ ಅಸೋಸಿಯೇಟ್, ಜಿಎಸ್‌ಎ. ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿ. ಬಿಲ್ಲನ್ನು ನೀವು ಕೂಡಿಸುವುದಿಲ್ಲ, ಸಾಫ್ಟ್‌ವೇರ್ ಕೂಡಿಸುತ್ತದೆ. ಒಪೆರಾ, ಐಡಿಎಸ್ ಮುಂತಾದ ಹೋಟೆಲ್ ಸಾಫ್ಟ್‌ವೇರ್‌ಗಳನ್ನು ‘ಪಿಎಂಎಸ್’ ಎಂದು ಕರೆಯುತ್ತಾರೆ. ಜಿಎಸ್‌ಟಿ ಕೂಡ ಅದೇ ಹಾಕುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕಿಂತ ಜಾಸ್ತಿ ಇದ್ದರೆ ಶೇ 18. ‘ಇದೇನು ಇಷ್ಟು ಟ್ಯಾಕ್ಸ್’ ಎಂದು ಅತಿಥಿ ಕೇಳಿದಾಗ ಹೇಳಲು ಇಷ್ಟು ಗೊತ್ತಿದ್ದರೆ ಸಾಕು.

ಆದರೆ ಈಗ ಬಹಳಷ್ಟು ಹೋಟೆಲ್‌ಗಳಲ್ಲಿ ರಿಸೆಪ್ಷನಿಸ್ಟ್ ಬೇರೆ, ಕ್ಯಾಷಿಯರ್ ಬೇರೆ ಎಂದಿಲ್ಲ. ದೊಡ್ಡ ಹೋಟೆಲ್ ಆದರೂ ಜಿಎಸ್‌ಎ ಕೈಗೆ ಪಾಳಿ ಶುರುವಾಗುವಾಗ ‘ಫ್ಲೋಟ್’ ಕೊಡುತ್ತಾರೆ, ಅಂದರೆ ಚಿಲ್ಲರೆ ಕೊಡಲು ಇಟ್ಟುಕೊಳ್ಳುವ ನಿಗದಿತ ಹಣ. ಪಾಳಿ ಮುಗಿದಾಗ ಅದನ್ನು ಎಣಿಸಿ ಒಪ್ಪಿಸಬೇಕು.

ಹಂತ 3: ಜಾಗ ಆರಿಸಿ

ಜಾಗ ಸಣ್ಣದಾದಷ್ಟೂ ಲೆಕ್ಕ ಜಾಸ್ತಿ. ಹೊಸಬರು ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ. ‘ಸಣ್ಣ ಜಾಗ, ಆರಾಮಾಗಿ ಇರಬಹುದು’ ಎಂದು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂವತ್ತು ರೂಮಿನ ಲಾಡ್ಜ್‌ನಲ್ಲಿ ಅಡ್ವಾನ್ಸ್ ಪಡೆಯುವವರೂ ನೀವೇ, ಬಾಕಿ ನೋಡುವವರೂ ನೀವೇ, ನೀರಿನ ಕ್ಯಾನ್‌ನವರಿಗೆ, ಧೋಬಿಗೆ ದುಡ್ಡು ಕೊಟ್ಟು ಬರೆದಿಡುವವರೂ ನೀವೇ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳ ಬಗ್ಗೆ ಇನ್ನೂ ಎಚ್ಚರ. ‘ಮ್ಯಾನೇಜರ್ ಬೇಕು, ಊಟ ವಸತಿ ಉಚಿತ’ ಎಂಬ ಜಾಹೀರಾತು ಚೆಂದ ಕಾಣುತ್ತದೆ. ಮಂಜು, ಕಾಫಿ ತೋಟ, ಎಲ್ಲ ನಿಜವೇ. ಆದರೆ ಸಂತೆ ಖರ್ಚು, ಗ್ಯಾಸ್ ಸಿಲಿಂಡರ್, ಆಳುಗಳ ಬಟವಾಡೆ, ಆನ್‌ಲೈನ್ ಬುಕಿಂಗ್ ಕಂಪನಿಗಳ ಕಮಿಷನ್, ಇಷ್ಟರ ಲೆಕ್ಕವೂ ನಿಮ್ಮ ಮೇಲೇ ಬೀಳಬಹುದು. ಮಾಲೀಕರು ಬೆಂಗಳೂರಿನಲ್ಲಿ ಕೂತು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಲೆಕ್ಕ ಕೇಳುತ್ತಾರೆ.

ದೊಡ್ಡ ಹೋಟೆಲ್, ರೆಸಾರ್ಟ್‌ಗಳಲ್ಲಿ ಕೆಲಸ ಹಂಚಿಹೋಗಿರುತ್ತದೆ. ಸರ್ಕಾರಿ ವಲಯದಲ್ಲಿ 1980ರಲ್ಲಿ ಕಬಿನಿಯಿಂದ ಶುರುವಾದ ಜಂಗಲ್ ಲಾಡ್ಜಸ್, ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲ್‌ಗಳಿವೆ. ಕಾಡು, ಹಕ್ಕಿ ಇಷ್ಟ ಇದ್ದರೆ ನ್ಯಾಚುರಲಿಸ್ಟ್ ಕೆಲಸವನ್ನೂ ಯೋಚಿಸಿ. ಸಫಾರಿಗೆ ಕರೆದೊಯ್ದು ವಿವರಿಸುವವರು ಇವರು. ಆತಿಥ್ಯದ ಕೆಲಸವೇ, ಗಲ್ಲಾ ಇಲ್ಲ.

ಹೋಟೆಲ್ ಹೊರಗೂ ನೋಡಿ. ಐಟಿ ಕಂಪನಿಗಳ ರಿಸೆಪ್ಷನ್‌ನಲ್ಲಿ ಬಂದವರಿಗೆ ಪಾಸ್ ಕೊಡುವುದು, ಕೊರಿಯರ್ ಪಡೆಯುವುದು, ಮೀಟಿಂಗ್ ರೂಮ್ ಕಾದಿರಿಸುವುದು ಮುಖ್ಯ. ಈ ಕೆಲಸಗಳು ಹೆಚ್ಚಾಗಿ ಫೆಸಿಲಿಟಿ ಕಂಪನಿಗಳ ಮೂಲಕ, ಅಂದರೆ ಕಟ್ಟಡದ ನಿರ್ವಹಣೆ ಗುತ್ತಿಗೆ ಪಡೆದವರ ಮೂಲಕ ಸಿಗುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಣೆ ಕೌಂಟರ್ ಬೇರೆ, ಬಿಲ್ಲಿಂಗ್ ಕೌಂಟರ್ ಬೇರೆ. ವಿಚಾರಣೆ ಕೌಂಟರನ್ನೇ ಕೇಳಿ. ಬಡಾವಣೆಯ ದಂತ ಕ್ಲಿನಿಕ್‌ನಲ್ಲಿ ಎರಡೂ ನಿಮ್ಮದೇ. ಶಾಲೆಯ ಫ್ರಂಟ್ ಆಫೀಸ್ ವರ್ಷವಿಡೀ ಆರಾಮ, ಅಡ್ಮಿಷನ್ ಸಮಯದಲ್ಲಿ ಫೀಸ್ ರಸೀದಿಯ ರಾಶಿ.

ಹಂತ 4: ಕೋರ್ಸ್ ಬೇಕಾ?

ಕಚೇರಿ ರಿಸೆಪ್ಷನ್‌ಗೆ ಪಿಯುಸಿ ಅಥವಾ ಯಾವುದಾದರೂ ಡಿಗ್ರಿ, ಮಾತಾಡುವಷ್ಟು ಇಂಗ್ಲಿಷ್, ಕಂಪ್ಯೂಟರ್ ಬಳಕೆ ಗೊತ್ತಿದ್ದರೆ ಸಾಮಾನ್ಯವಾಗಿ ಸಾಕು. ಹೋಟೆಲ್‌ಗೆ ಚಿಕ್ಕ ತರಬೇತಿ ಇದ್ದರೆ ಒಳ್ಳೆಯದು. ಐಟಿಐಗಳಲ್ಲಿ ‘ಫ್ರಂಟ್ ಆಫೀಸ್ ಅಸಿಸ್ಟೆಂಟ್’ ಎಂಬ ಒಂದು ವರ್ಷದ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲೂ ಇಲ್ಲ, ವಿಚಾರಿಸಿ. ಪ್ರವಾಸೋದ್ಯಮ ಮತ್ತು ಆತಿಥ್ಯ ಕೌಶಲ ಮಂಡಳಿಯ ‘ಫ್ರಂಟ್ ಆಫೀಸ್ ಅಸೋಸಿಯೇಟ್’ ಪ್ರಮಾಣಪತ್ರವೂ ನಡೆಯುತ್ತದೆ.

ಮೂರು ನಾಲ್ಕು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿಗೆ ಹಾರುವ ಮೊದಲು ಸಿಲಬಸ್ ನೋಡಿ. ಅದರಲ್ಲಿ ಅಕೌಂಟೆನ್ಸಿ, ಅಡುಗೆ ವೆಚ್ಚ ನಿಯಂತ್ರಣದಂಥ ವಿಷಯಗಳು ಇರುತ್ತವೆ. ಬೆಂಗಳೂರಿನ ಐಎಚ್‌ಎಂ (ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್) ನಂಥ ಸರ್ಕಾರಿ ಸಂಸ್ಥೆಗಳ ಪ್ರವೇಶಕ್ಕೆ ಎನ್‌ಸಿಎಚ್‌ಎಂ ಜೆಇಇ ಬರೆಯಬೇಕು. ಅದರಲ್ಲೂ ಸಂಖ್ಯಾ ಸಾಮರ್ಥ್ಯದ ಭಾಗ ಇದೆ. ಅಷ್ಟಕ್ಕೇ ಕೈಬಿಡಬೇಡಿ. ಇಂಗ್ಲಿಷ್ ಮತ್ತು ಸೇವಾ ಮನೋಭಾವದ ಪ್ರಶ್ನೆಗಳೂ ಅದರಲ್ಲಿವೆ, ಆ ಭಾಗಗಳನ್ನು ಗಟ್ಟಿ ಮಾಡಿಕೊಳ್ಳಿ.

ಹಂತ 5: ಸಂದರ್ಶನದಲ್ಲಿ ಏನು ಹೇಳಬೇಕು, ಏನು ಕೇಳಬೇಕು

‘ನಂಗೆ ಲೆಕ್ಕ ಬರಲ್ಲ’ ಎಂದು ಶುರು ಮಾಡಬೇಡಿ. ಸುಳ್ಳೂ ಹೇಳಬೇಡಿ. ‘ಅತಿಥಿಗಳ ಜೊತೆ ಮಾತಾಡುವ ಕೆಲಸದಲ್ಲಿ ನಾನು ಚೆನ್ನಾಗಿದ್ದೇನೆ, ಕ್ಯಾಷ್ ಕೆಲಸ ಕಡಿಮೆ ಇರುವ ಹುದ್ದೆ ನೋಡುತ್ತಿದ್ದೇನೆ’ ಎಂದರೆ ಸಾಕು. ಗೊತ್ತಿರುವ ಭಾಷೆಗಳನ್ನೆಲ್ಲ ಬಯೋಡೇಟಾದಲ್ಲಿ ಹಾಕಿ. ಕನ್ನಡದ ಜೊತೆ ತುಳು, ಕೊಂಕಣಿ, ಉರ್ದು, ತೆಲುಗು, ತಮಿಳು ಯಾವುದು ಬಂದರೂ ಅದು ನಿಮ್ಮ ಬಂಡವಾಳ.

ಆಮೇಲೆ ನೀವು ಕೇಳಿ: ನನ್ನ ಪಾಳಿಯಲ್ಲಿ ಕ್ಯಾಷ್ ನನ್ನ ಹೆಸರಲ್ಲಿ ಇರುತ್ತದಾ? ಕಡಿಮೆ ಬಿದ್ದರೆ ಏನು ಮಾಡುತ್ತೀರಿ? ರಾತ್ರಿ ಪಾಳಿಯಲ್ಲಿ ಆಡಿಟ್ ನಾನೇ ಮಾಡಬೇಕಾ? ರಾತ್ರಿ ಮನೆಗೆ ಗಾಡಿ ಇದೆಯಾ?

ಎರಡನೇ ಪ್ರಶ್ನೆ ಮುಖ್ಯ. ಗಲ್ಲಾದಲ್ಲಿ ಕಡಿಮೆ ಬಿದ್ದ ದುಡ್ಡನ್ನು ಸಂಬಳದಲ್ಲಿ ಹಿಡಿಯುವ ಪದ್ಧತಿ ಹಲವು ಕಡೆ ಇದೆ. ನಿಮ್ಮ ನಿರ್ಲಕ್ಷ್ಯದಿಂದಲೇ ಹಾಗಾಯಿತು ಎಂದಿದ್ದರೆ ಮಾತ್ರ, ಅದೂ ನಿಮ್ಮ ವಿವರಣೆ ಕೇಳಿದ ಮೇಲೆ ಕಡಿತ ಮಾಡಬಹುದು ಎನ್ನುತ್ತದೆ ಕಾನೂನು. ‘ಅದೆಲ್ಲ ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಆ ಜಾಗ ಬೇಡ.

ಹಂತ 6: ಮೊದಲ ತಿಂಗಳು ಅಂಕಿಗಳನ್ನು ನಿಭಾಯಿಸುವುದು

ಎಷ್ಟೇ ಆರಿಸಿಕೊಂಡರೂ ಕೆಲವು ಅಂಕಿಗಳು ಬಂದೇ ಬರುತ್ತವೆ. ಇವಕ್ಕೆ ಬುದ್ಧಿಗಿಂತ ಜಾಸ್ತಿ ಅಭ್ಯಾಸ ಬೇಕು.

ನಂಬರ್‌ಗಳನ್ನು ತುಂಡು ಮಾಡಿ ಓದಿ. ಮೊಬೈಲ್ ನಂಬರ್ ಐದು-ಐದು, ಆಧಾರ್ ನಾಲ್ಕು-ನಾಲ್ಕು-ನಾಲ್ಕು. ಬರೆದ ಮೇಲೆ ತಿರುಗಿ ಓದಿ ಹೇಳಿ. ಅತಿಥಿಗೆ ಇದು ಶಿಸ್ತಾಗಿಯೇ ಕಾಣುತ್ತದೆ. ಕಂಪನಿ ಬಿಲ್ಲಿಗೆ ಬೇಕಾದ ಜಿಎಸ್‌ಟಿ ನಂಬರ್ 15 ಅಕ್ಷರ-ಅಂಕಿಗಳದ್ದು. ಅದನ್ನು ಬಾಯಲ್ಲಿ ಹೇಳಿಸಿಕೊಳ್ಳಲೇಬೇಡಿ, ವಾಟ್ಸ್ಆ್ಯಪ್ ಅಥವಾ ಇಮೇಲ್‌ನಲ್ಲಿ ತರಿಸಿ ಕಾಪಿ ಮಾಡಿ. ಕರ್ನಾಟಕದ ನಂಬರ್ ಆದರೆ 29ರಿಂದ ಶುರುವಾಗಬೇಕು ಎಂಬುದು ನೆನಪಿರಲಿ. ವಿದೇಶಿಯರು ಬಂದಾಗ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕೊಡಬೇಕು. ಹೋಟೆಲ್‌ನವರ ಬಾಯಲ್ಲಿ ಇದು ‘ಸಿ ಫಾರ್ಮ್’. ಇದಕ್ಕೆ ಪಾಸ್‌ಪೋರ್ಟ್ ನಂಬರನ್ನು ಸ್ಕ್ಯಾನ್ ಪ್ರತಿ ಪಕ್ಕದಲ್ಲಿಟ್ಟುಕೊಂಡೇ ತುಂಬಿಸಿ, ನೆನಪಿನಿಂದ ಬೇಡ.

ರಾತ್ರಿಗಳನ್ನು ಎಣಿಸಿ, ದಿನಗಳನ್ನಲ್ಲ. 14ಕ್ಕೆ ಬಂದು 16ಕ್ಕೆ ಹೋಗುವವರು ಎರಡು ರಾತ್ರಿ ಉಳಿಯುತ್ತಾರೆ, ಮೂರಲ್ಲ. ಮಧ್ಯರಾತ್ರಿ ದಾಟಿ 15ರ ನಸುಕಿನ 1:30ಕ್ಕೆ ಬರುವವರಿಗೆ 14ರ ರಾತ್ರಿಯ ಬುಕಿಂಗ್ ಬೇಕು. ಇಲ್ಲಿ ಲೆಕ್ಕದಲ್ಲಿ ಹುಷಾರಿರುವವರೂ ಎಡವುತ್ತಾರೆ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4.

ಹಿಂದಿಯಲ್ಲಿ ಅಂಕಿ ಹೇಳುವ ಅತಿಥಿಗಳು ಬಂದಾಗ ನಾಚಿಕೆ ಬಿಟ್ಟು ಇಂಗ್ಲಿಷ್‌ನಲ್ಲಿ ಮತ್ತೆ ಕೇಳಿ. ಪಚ್ಚೀಸ್ ಅಂದರೆ 25, ಪಚಾಸ್ ಅಂದರೆ 50. ಡೇಢ್ ಬಜೇ ಒಂದೂವರೆ, ಢಾಯಿ ಬಜೇ ಎರಡೂವರೆ. ಗಾಡಿ ಬುಕ್ ಮಾಡುವಾಗ ಒಂದು ಗಂಟೆ ವ್ಯತ್ಯಾಸ ಸಣ್ಣದಲ್ಲ.

ಊಟದ ಪ್ಲಾನ್‌ಗಳ ಹೆಸರು ಚೀಟಿಯಲ್ಲಿ ಬರೆದು ಮೇಜಿನ ಒಳಬದಿಗೆ ಅಂಟಿಸಿಕೊಳ್ಳಿ. ಇಪಿ ಅಂದರೆ ಬರೀ ರೂಮ್. ಸಿಪಿ ಅಂದರೆ ರೂಮ್ ಮತ್ತು ತಿಂಡಿ. ಮ್ಯಾಪ್ ಅಂದರೆ ತಿಂಡಿಯ ಜೊತೆ ಒಂದು ಊಟ. ಎಪಿ ಅಂದರೆ ಮೂರೂ ಹೊತ್ತು.

ನಗದು ಮುಟ್ಟಲೇಬೇಕಾಗಿ ಬಂದರೆ, ಅತಿಥಿ ಕೊಟ್ಟ ನೋಟನ್ನು ಚಿಲ್ಲರೆ ಕೊಡುವವರೆಗೂ ಕೌಂಟರ್ ಮೇಲೇ ಇಡಿ. ‘ಐನೂರು ಕೊಟ್ಟಿದ್ದೀರಿ ಸರ್’ ಎಂದು ಜೋರಾಗಿ ಹೇಳಿ. ನೋಟು ಬದಲಿಸುವ ನೆಪದಲ್ಲಿ ಗೊಂದಲ ಎಬ್ಬಿಸುವ ಮೋಸಗಾರರು ಬರುತ್ತಾರೆ: ಮೊದಲು ಐನೂರು ಕೊಡುತ್ತಾರೆ, ಬೇಡ ಎಂದು ವಾಪಸ್ ಪಡೆಯುತ್ತಾರೆ, ಇನ್ನೂರಕ್ಕೆ ಚಿಲ್ಲರೆ ಕೇಳುತ್ತಾರೆ. ಲೆಕ್ಕಕ್ಕೆ ಹೆದರುವವರ ಮುಖ ಅವರಿಗೆ ಗೊತ್ತಾಗುತ್ತದೆ. ಗೊಂದಲ ಆಯಿತಾ? ಎಲ್ಲ ನೋಟು ವಾಪಸ್ ಕೊಟ್ಟು, ಅವರಿಗೆ ಕೊಟ್ಟದ್ದನ್ನು ವಾಪಸ್ ಪಡೆದು, ಮೊದಲಿಂದ ಶುರು ಮಾಡಿ. ಹಿಂದೆ ಎಷ್ಟೇ ಜನ ಕಾಯುತ್ತಿರಲಿ.

ಯುಪಿಐ ಬಂದಿದೆ ಎಂದು ಅವರ ಫೋನಿನ ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ. ನಿಮ್ಮ ಕಡೆಯ ಮೆಷಿನ್‌ನಲ್ಲಿ ಕಾಣಬೇಕು. ಫೋನ್‌ನಲ್ಲಿ ಹತ್ತು ರೂಮ್ ಬುಕ್ ಮಾಡಿ ‘ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರದ್ದು ಮೋಸ. ದುಡ್ಡು ಪಡೆಯಲು ಪಿನ್ ಹಾಕಬೇಕಿಲ್ಲ.

ಹಂತ 7: ನಿಮ್ಮ ಸಂಬಳದ ಲೆಕ್ಕ ನೀವೇ ಮಾಡಿ

ಇದೊಂದು ಲೆಕ್ಕ ತಪ್ಪಿಸಿಕೊಳ್ಳಬೇಡಿ. ಆಫರ್ ಪತ್ರದಲ್ಲಿ ಕಾಣುವ ಸಿಟಿಸಿ ಅಂದರೆ ಕಂಪನಿಗೆ ನಿಮ್ಮಿಂದ ಆಗುವ ಒಟ್ಟು ಖರ್ಚು. ಕೈಗೆ ಬರುವುದು ಅದಕ್ಕಿಂತ ಕಡಿಮೆ. ಪಿಎಫ್‌ಗೆ ಬೇಸಿಕ್ ಸಂಬಳದ ಶೇ 12 ಹೋಗುತ್ತದೆ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐಗೆ ಶೇ 0.75. ಊಟ, ಸಮವಸ್ತ್ರದ ಹೆಸರಲ್ಲಿ ಹಿಡಿಯುತ್ತಾರಾ ಕೇಳಿ. ‘ಕೈಗೆ ಎಷ್ಟು ಬರುತ್ತದೆ, ಬರೆದು ಕೊಡಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೆಲಸ ಕೊಡಿಸಲು ‘ಸೆಕ್ಯುರಿಟಿ ಡಿಪಾಸಿಟ್’ ಎಂದು ದುಡ್ಡು ಕೇಳಿದರೆ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ. ಕರಾವಳಿಯಿಂದ ಗಲ್ಫ್‌ನ ಹೋಟೆಲ್‌ಗಳಿಗೆ ಹೋಗುವವರು ಏಜೆಂಟರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರೇ ಎಂದು ನೋಡಿ. ಅವರು ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಿ ಎನ್ನುವವರ ಮಾತು ಕೇಳಬೇಡಿ.

ಹಂತ 8: ಬಡ್ತಿ ಬಂದಾಗ

ಎರಡು ಮೂರು ವರ್ಷ ಕಳೆದ ಮೇಲೆ ಲೆಕ್ಕ ಮತ್ತೆ ಬಾಗಿಲು ತಟ್ಟುತ್ತದೆ. ಡ್ಯೂಟಿ ಮ್ಯಾನೇಜರ್, ಫ್ರಂಟ್ ಆಫೀಸ್ ಮ್ಯಾನೇಜರ್ ಆದರೆ ಆಕ್ಯುಪೆನ್ಸಿ, ಅಂದರೆ ಶೇಕಡಾ ಎಷ್ಟು ರೂಮ್ ತುಂಬಿವೆ ಎಂಬುದು, ಮತ್ತು ಎಆರ್‌ಆರ್, ಅಂದರೆ ಮಾರಾಟವಾದ ರೂಮ್‌ಗಳ ಸರಾಸರಿ ಬೆಲೆ, ಇವೆರಡನ್ನೂ ಬೆಳಗಿನ ಮೀಟಿಂಗ್‌ನಲ್ಲಿ ಹೇಳಬೇಕು. ಕೂಡಿಸಬೇಕಿಲ್ಲ, ವರದಿಯಲ್ಲೇ ಇರುತ್ತವೆ. ಆದರೆ ಯಾಕೆ ಇಳಿಯಿತು ಎಂದರೆ ಉತ್ತರ ಕೊಡಬೇಕು.

ಅದು ಬೇಡ ಎಂದರೆ ಬೇರೆ ದಾರಿಗಳಿವೆ. ಗೆಸ್ಟ್ ರಿಲೇಷನ್ಸ್ ಮ್ಯಾನೇಜರ್, ಮುಖ್ಯ ಕನ್ಸಿಯರ್ಜ್, ಹೊಸಬರಿಗೆ ತರಬೇತಿ ಕೊಡುವ ವಿಭಾಗ ಇವುಗಳಲ್ಲಿ ಮಾತು, ನೆನಪು, ತಾಳ್ಮೆಗೇ ಬೆಲೆ. ರೆವಿನ್ಯೂ, ಅಂದರೆ ರೂಮ್ ಬೆಲೆ ಮತ್ತು ಆದಾಯ ನೋಡುವ ವಿಭಾಗ, ಅಥವಾ ರಿಸರ್ವೇಷನ್ ಕಡೆಗೆ ಹಾಕುತ್ತೇವೆ ಎಂದರೆ ಮಾತ್ರ ತಕ್ಷಣ ಹೂಂ ಅನ್ನಬೇಡಿ. ಆ ಕುರ್ಚಿಯಲ್ಲಿ ಈಗ ಇರುವವರ ಪಕ್ಕ ಒಂದು ಪೂರ್ತಿ ಪಾಳಿ ಕೂರಲು ಅವಕಾಶ ಕೇಳಿ. ತಿಂಗಳ ಕೊನೆಯ ದಿನವನ್ನೇ ಆರಿಸಿಕೊಳ್ಳಿ.